ಆಟಗಾರನ ಪತ್ರಗಳು, ಹೋರಾಟದ ಆಕರಗಳು: ಜಾಕಿ ರಾಬಿನ್ಸನ್ ಸಂಗ್ರಹವನ್ನು ಕುರಿತು

ಕ್ರೀಡಾಪಟುವಿನ ನೆನಪನ್ನು ಸಮಾಜವು ಸಾಮಾನ್ಯವಾಗಿ ದಾಖಲೆಗಳ ಅಂಕಿಸಂಖ್ಯೆಗಳಲ್ಲಿ, ಪದಕಗಳಲ್ಲಿ ಕಾಪಿಡುತ್ತದೆ. ಮೈದಾನದಿಂದಾಚೆಗೆ ಆತ ಏನನ್ನು ಚಿಂತಿಸಿದ, ಯಾರೊಡನೆ ವಾದಿಸಿದ ಎಂಬುದಕ್ಕೆ ಖಾಸಗಿ ಕಾಗದಪತ್ರಗಳೇ ಮುಖ್ಯ ಆಕರ. ಅಮೆರಿಕದ ಜಾಕಿ ರಾಬಿನ್ಸನ್ (1919-1972) ಇದಕ್ಕೆ ನಿದರ್ಶನ.

1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರ ಆಡಿ, ಬೇಸ್‌ಬಾಲಿನ ಪ್ರಧಾನ ಲೀಗುಗಳಲ್ಲಿದ್ದ ವರ್ಣನಿಷೇಧವನ್ನು ಮುರಿದ ರಾಬಿನ್ಸನ್ ಅವರನ್ನು ಲೋಕ ಬಲ್ಲದು. 1957ರಲ್ಲಿ ನಿವೃತ್ತರಾದ ಮೇಲೆ ಕಾಫಿ ಸಂಸ್ಥೆಯೊಂದರ ಉಪಾಧ್ಯಕ್ಷರಾಗಿದ್ದುಕೊಂಡೇ ಪೌರಹಕ್ಕುಗಳಿಗಾಗಿ ದುಡಿದ ಅವರನ್ನು ಪತ್ರಗಳಲ್ಲಿಯೇ ಕಾಣಬೇಕು. ಪತ್ನಿ ರೇಚಲ್ ರಾಬಿನ್ಸನ್ 2001ರಲ್ಲಿ ಆ ಪತ್ರಗಳನ್ನು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಒಪ್ಪಿಸಿದರು. ಅವರನ್ನು ತಂಡಕ್ಕೆ ಕರೆತಂದ ಬ್ರಾಂಚ್ ರಿಕಿ ಅವರ ಪತ್ರಗಳೂ ಅಲ್ಲಿಯೇ ಇರುವುದರಿಂದ ಎರಡನ್ನೂ ಎದುರುಬದುರಾಗಿಟ್ಟು ಓದಲು ಸಾಧ್ಯವಾಗಿದೆ.

ಆದರೆ ಒಂದೇ ಸಂಗ್ರಹವನ್ನು ವ್ಯಕ್ತಿಯ ಪೂರ್ಣಚಿತ್ರವೆಂದು ಭಾವಿಸುವುದು ತಪ್ಪಾಗುತ್ತದೆ. ಮನೆಯಲ್ಲಿ ಉಳಿಯುವುದು ಹೆಚ್ಚಾಗಿ ಬಂದ ಪತ್ರ. ಬರೆದ ಪತ್ರ ಪಡೆದವರಲ್ಲಿ ಉಳಿಯುತ್ತದೆ. ಕರಿಯರು ತಾಳ್ಮೆಯಿಂದಿರಬೇಕೆಂದ ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಆಕ್ಷೇಪಿಸಿ ರಾಬಿನ್ಸನ್ 1958ರ ಮೇ 13ರಂದು ಬರೆದ ಪ್ರಸಿದ್ಧ ಪತ್ರ ಐಸೆನ್‌ಹೋವರ್ ಗ್ರಂಥಾಲಯದಲ್ಲಿದೆ. ಅದು ಕಾಫಿ ಸಂಸ್ಥೆಯ ಶಿರೋನಾಮೆಯುಳ್ಳ ಕಾಗದದ ಮೇಲಿದೆ ಎಂಬುದು ಗಮನಾರ್ಹ: ಉದ್ಯೋಗದ ಮೇಜಿನಿಂದಲೇ ಹೋರಾಟವೂ ನಡೆದಿತ್ತು. ಮೈಕೆಲ್ ಲಾಂಗ್ 2007ರಲ್ಲಿ ಸಂಪಾದಿಸಿದ ಪತ್ರಸಂಪುಟ ಉಪಯುಕ್ತವೇ ಆದರೂ ಇಂತಹ ಭೌತಿಕ ಸಾಕ್ಷ್ಯಕ್ಕೆ ಅಚ್ಚಿನ ಪುಟ ಬದಲಿಯಾಗಲಾರದು.

ಮುಜುಗರದ ದಾಖಲೆಗಳನ್ನೂ ಉಳಿಸಿಕೊಳ್ಳುವುದು ಸಂರಕ್ಷಣೆಯ ನಿಜವಾದ ಒರೆಗಲ್ಲು. ರಾಬಿನ್ಸನ್ 1949ರಲ್ಲಿ ಸಂಸತ್ ಸಮಿತಿಯೆದುರು ಪಾಲ್ ರೋಬ್ಸನ್‌ರ ಹೇಳಿಕೆಯನ್ನು ಟೀಕಿಸಿದರು. 1960ರಲ್ಲಿ ನಿಕ್ಸನ್‌ರನ್ನು ಬೆಂಬಲಿಸಿ 1968ರಲ್ಲಿ ವಿರೋಧಿಸಿದರು. ಈ ತಿರುವುಗಳನ್ನು ಕೈಬಿಟ್ಟರೆ ಉಳಿಯುವುದು ಪ್ರತಿಮೆಯೇ ಹೊರತು ಮನುಷ್ಯನಲ್ಲ.

ನಮಗೂ ಇದರಲ್ಲಿ ಪಾಠವಿದೆ. ಧಾರವಾಡದಲ್ಲಿ ಜನಿಸಿದ ದಲಿತ ಕ್ರಿಕೆಟಿಗ ಪಾಲ್ವಣಕರ ಬಾಳೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಮಿಂಚಿದವರು. 1937ರ ಮುಂಬಯಿ ಚುನಾವಣೆಯಲ್ಲಿ ಅಂಬೇಡ್ಕರರ ಎದುರು ಸ್ಪರ್ಧಿಸಿ ಸೋತವರು. ಅವರ ಕಥೆಯನ್ನು ರಾಮಚಂದ್ರ ಗುಹಾ ತಮ್ಮ 2002ರ ಕ್ರಿಕೆಟ್ ಚರಿತ್ರೆಯಲ್ಲಿ ಕಟ್ಟುವಾಗ ಸಮಕಾಲೀನ ಪತ್ರಿಕೆಗಳನ್ನೂ ಬಾಳೂ ಅವರ ಸೋದರ ವಿಠ್ಠಲರ ಮರಾಠಿ ಆತ್ಮಕಥೆಯನ್ನೂ ಆಧರಿಸಿದರು. ಸೋದರನ ನೆನಪು ಅಮೂಲ್ಯವಾದುದೇ. ಆದರೆ ಅದು ಸ್ವಂತ ಕೈಬರಹಕ್ಕೆ ಸಮನಲ್ಲ. ಮನೆಮಂದಿ ಕಾಗದದ ಕಟ್ಟನ್ನು ರದ್ದಿಗೆ ಹಾಕುವ ಮುನ್ನವೇ ನಮ್ಮ ಗ್ರಂಥಾಲಯಗಳು ಬಾಗಿಲು ತಟ್ಟಬೇಕಾಗಿದೆ.