ಅಂಗೈಯಲ್ಲಿ ಅಡಗಿದ ಬೇಹುಗಾರ

ಅಗರದಿಂದ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಹೋಗುವಷ್ಟು ಹೊತ್ತು ಸಾಕು, ‘ಮೆಟಲ್ ಗಿಯರ್ ಸಾಲಿಡ್: ಪೀಸ್ ವಾಕರ್’ನ ಒಂದು ಸಣ್ಣ ಮಿಷನ್ ಮುಗಿಸಲು. ನಡುವೆ ಊರು ಬಂದರೆ, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಯಂತ್ರವಾದ ಪಿಎಸ್‌ಪಿಯ ಪವರ್ ಸ್ವಿಚ್ ಸರಿಸಿದರಾಯಿತು, ಆಟ ನಿಂತಲ್ಲೇ ನಿದ್ದೆ ಹೋಗುತ್ತದೆ.

ಆಟ ವಿನ್ಯಾಸಕ ಹಿಡಿಯೊ ಕೊಜಿಮಾ 2010ರಲ್ಲಿ ಹೊರತಂದ ಈ ಆಟದ ಕತೆ ನಡೆಯುವುದು 1974ರ ಕೋಸ್ಟರಿಕಾದ ಕಾಡಿನಲ್ಲಿ. ಇದರ ಸೊಗಸಿರುವುದು ಗುಂಡು ಹಾರಿಸುವುದರಲ್ಲಲ್ಲ, ಹಾರಿಸದೆ ದಾಟುವುದರಲ್ಲಿ. ಕಾವಲುಗಾರ ಬೆನ್ನು ತಿರುಗಿಸುವವರೆಗೆ ಕಾಯಬೇಕು. ಎಷ್ಟು ಮರೆಯಾಗಿದ್ದೀರಿ ಎಂಬುದನ್ನು ಪರದೆಯ ಮೇಲಿನ ಶೇಕಡಾ ಅಂಕಿ ಹೇಳುತ್ತದೆ. ಕದಲಿದರೆ ಅದು ಇಳಿಯುತ್ತದೆ. ಕಣ್ಣಾಮುಚ್ಚಾಲೆ ಆಡಿದವರಿಗೆ ಈ ಉಸಿರು ಬಿಗಿಹಿಡಿಯುವಿಕೆ ಹೊಸದಲ್ಲ.

ಪಿಎಸ್‌ಪಿಯ ಪರದೆ 4.3 ಇಂಚು, ಅನಲಾಗ್ ಕಡ್ಡಿ ಒಂದೇ. ಅದರಿಂದ ನಾಯಕನನ್ನು ನಡೆಸಬೇಕು. ಸುತ್ತ ನೋಡಲು ಬಲಗಡೆಯ ನಾಲ್ಕು ಗುಂಡಿಗಳೇ ಗತಿ. ಆಟ ಕಟ್ಟಿದವರು ಈ ಇಕ್ಕಟ್ಟಿಗೆ ತಕ್ಕಂತೆ ಕತ್ತರಿ ಹಾಕಿದರು: ಇಲ್ಲಿ ನೆಲಕ್ಕೆ ಮಲಗಬಹುದು, ತೆವಳಲಾಗದು. ಕಾಡನ್ನು ತುಂಡುತುಂಡು ಬಯಲುಗಳಾಗಿ ಒಡೆದರು.

ಜಾಣತನದ ತುದಿ ಬಲೂನಿನದು. ಪ್ರಜ್ಞೆ ತಪ್ಪಿಸಿದ ಶತ್ರುವಿಗೆ ಬಲೂನು ಕಟ್ಟಿ ಹಾರಿಸಿದರೆ ಅವನು ನಿಮ್ಮ ನೆಲೆ ಸೇರುತ್ತಾನೆ. ಅಲ್ಲಿ ಅಡುಗೆಗೋ ಆಯುಧ ತಯಾರಿಗೋ ಒದಗುತ್ತಾನೆ. ಕೊಂದರೆ ನಷ್ಟ ನಿಮ್ಮದೇ. ಕೊಲ್ಲಬೇಡಿ ಎಂದು ಉಪದೇಶಿಸದೆ, ಕೊಲ್ಲದಿರುವುದನ್ನೇ ಲಾಭವಾಗಿಸಿದ ಆಟ ಇದು. ಅದಕ್ಕೇ ಮೆಚ್ಚುಗೆ.