ಕೆರೆಯ ದಂಡೆಯ ಕವಲುತೋಕೆ

ಆಗ್ನೇಯ ಏಷ್ಯಾದ ಕಡಲತೀರಗಳಿಂದ ಪೆಸಿಫಿಕ್ ದ್ವೀಪಗಳವರೆಗೆ ಹಾರಾಡುವ ಕವಲುತೋಕೆಯೊಂದಿದೆ. ಹಣೆ ಮತ್ತು ಗಂಟಲು ಇಟ್ಟಿಗೆಗೆಂಪು, ಬೆನ್ನು ಮಿರುಗುವ ನೀಲಿ. ಅದರ ಹತ್ತಿರದ ಬಂಧುವನ್ನು ಪಶ್ಚಿಮಘಟ್ಟದ ಬೆಟ್ಟಗಳಲ್ಲಿ ಕಾಣಬಹುದು. ಆದರೆ ಆ ಕುಲದ ಸೊಬಗನ್ನು ಸವಿಯಲು ಕಡಲಿಗೋ ಬೆಟ್ಟಕ್ಕೋ ಹೋಗಬೇಕಾಗಿಲ್ಲ. ಮುಳಬಾಗಿಲು ದಾಟಿ ಆಂಧ್ರದ ಗಡಿಯತ್ತ ಸಾಗುವ ಹೆದ್ದಾರಿಯಲ್ಲಿ ನಂಗಲಿಯ ಕಡೆಗೆ ಬಂದು ಕೆರೆ ಏರಿಯ ಮೇಲೆ ನಿಂತರೆ ಸಾಕು. ಹೊಯ್ಸಳ ವಿಷ್ಣುವರ್ಧನನ ರಾಜ್ಯಕ್ಕೆ ಮೂಡಣ ಎಲ್ಲೆಯೆಂದು 12ನೇ ಶತಮಾನದ ಶಾಸನಗಳು ಹೇಳುವುದು ಇದೇ ನಂಗಲಿಯ ಘಟ್ಟವನ್ನು. ವರ್ಷವಿಡೀ ಹರಿಯುವ ಹೊಳೆ ಈ ಸೀಮೆಗಿಲ್ಲ. ಹಿಂದಿನವರು ಕಟ್ಟಿದ ಕೆರೆಗಳೇ ಇಲ್ಲಿನ ತೀರ. ಆ ತೀರದ ಚೆಲುವ ತಂತಿಬಾಲದ ಕವಲುತೋಕೆ.

ಗಾತ್ರದಲ್ಲಿ ಗುಬ್ಬಿಯಷ್ಟೇ. ಬಿಸಿಲು ಬೆನ್ನಿನ ಮೇಲೆ ಬಿದ್ದಾಗ ಉಕ್ಕಿನ ಹೊಳಪಿನ ಕಡುನೀಲಿ, ನೆರಳಿಗೆ ತಿರುಗಿದರೆ ಬರೀ ಕಪ್ಪು. ನೆತ್ತಿಗೆ ಕಾವಿಕೆಂಪಿನ ಟೊಪ್ಪಿ, ಕಣ್ಣಿನ ಮೇಲೆ ಹಾದ ಕಡುನೀಲಿ ಪಟ್ಟಿ, ಗಂಟಲಿನಿಂದ ಕೆಳಗೆ ಒಂದು ಕಲೆಯೂ ಇಲ್ಲದ ಅಚ್ಚಬಿಳುಪು. ಕಣ್ಣನ್ನು ಕೊನೆಗೆ ಹಿಡಿದಿಡುವುದು ಬಾಲ. ಅದರ ಎರಡೂ ಅಂಚಿನಿಂದ ಹೊರಟ ಎಳೆಗರಿಗಳು ಎಷ್ಟು ಸಣ್ಣವೆಂದರೆ, ಹಕ್ಕಿ ಹಾರುವಾಗ ಇವೆಯೋ ಇಲ್ಲವೋ ಎಂಬ ಅನುಮಾನ. ಅದು ವಿದ್ಯುತ್ ತಂತಿಯ ಮೇಲೆ ಕೂತು, ಇಳಿಬಿಸಿಲು ಪಕ್ಕದಿಂದ ಬಿದ್ದಾಗಲೇ ಅವು ನಿಚ್ಚಳವಾಗಿ ಕಾಣುವುದು. ಗಂಡಿನ ಎಳೆ ಉದ್ದ, ಹೆಣ್ಣಿನದು ಗಿಡ್ಡ. ಮರಿಗಳಿಗೆ ಅದಿನ್ನೂ ಮೂಡಿರುವುದಿಲ್ಲ. ಅವುಗಳ ನೆತ್ತಿಯೂ ಮಾಸಲು ಕಂದು.

ಆಫ್ರಿಕಾದಲ್ಲೂ ಈ ಹಕ್ಕಿ ನೀರಿನ ಸಂಗ ಬಿಡದು. ಆ ಖಂಡದ ನಂಟು ಅದರ ಹೆಸರಿಗೂ ಅಂಟಿದೆ: 1816ರಲ್ಲಿ ಕಾಂಗೋ ನದಿಯ ಶೋಧಯಾತ್ರೆಗೆ ಹೋಗಿ ಅಲ್ಲೇ ತೀರಿಕೊಂಡ ನಾರ್ವೆಯ ಸಸ್ಯವಿಜ್ಞಾನಿ ಕ್ರಿಸ್ಟನ್ ಸ್ಮಿತ್ ಅವರ ನೆನಪು ಅದರ ವೈಜ್ಞಾನಿಕ ಹೆಸರಿನಲ್ಲಿದೆ.

ಹಾರಾಟವನ್ನಂತೂ ಎಷ್ಟು ನೋಡಿದರೂ ತಣಿವಿಲ್ಲ. ನೀರಿನ ಮೇಲೆ ಗೇಣುದ್ದದ ಎತ್ತರದಲ್ಲಿ ನೇರವಾಗಿ ಬರುತ್ತದೆ, ನುಸಿಯೊಂದು ಕಂಡದ್ದೇ ಮೈ ವಾಲಿಸಿ ತಿರುಗುತ್ತದೆ. ಆ ತಿರುವಿನಲ್ಲಿ ಬಾಲ ಬಿಚ್ಚಿಕೊಂಡು ಬಿಳಿ ಚುಕ್ಕಿಗಳ ಸಾಲು ಮಿಂಚಿ ಮರೆಯಾಗುತ್ತದೆ. ಬಾಯಾರಿದರೂ ಇಳಿದು ಕೂರುವುದಿಲ್ಲ. ಹಾರುತ್ತಲೇ ಕೆಳಕೊಕ್ಕನ್ನು ನೀರಿಗೆ ತಾಗಿಸಿ ಒಂದು ಗುಟುಕು ಎತ್ತಿಕೊಂಡು ಹೋಗುತ್ತದೆ. ಚಳಿಗಾಲಕ್ಕೆ ಉತ್ತರದಿಂದ ಬರುವ ಕೆಂಪುಗಂಟಲಿನ ಕವಲುತೋಕೆಗಳು ತಂತಿಯ ತುಂಬ ಹಿಂಡುಗಟ್ಟಿ ಕೂರುತ್ತವೆ. ಇದಕ್ಕೆ ಆ ಜಾತ್ರೆ ಒಗ್ಗದು. ಜೋಡಿಯಾಗಿಯೇ ಇದ್ದು, ತನ್ನ ಪಾಲಿನ ನೀರನ್ನು ಕಾಯ್ದುಕೊಳ್ಳುತ್ತದೆ.

ಗೂಡು ಕಟ್ಟುವ ಕೆಲಸ ಇನ್ನೂ ಸೊಗಸು. ನೀರು ಹಿಂದೆ ಸರಿದ ಅಂಚಿನಲ್ಲಿ ಹದವಾದ ಜೇಡಿಯನ್ನು ಆರಿಸಿ, ಕೊಕ್ಕಿನಲ್ಲಿ ಪುಟ್ಟ ಉಂಡೆ ಹಿಡಿದು ಮೋರಿಯೊಳಗೆ ನುಗ್ಗುತ್ತದೆ. ಗೋಡೆಗೆ ಉಂಡೆಯನ್ನು ಒತ್ತಿ, ತಲೆಯನ್ನು ಅದುರಿಸುತ್ತಾ ಕೂಡಿಸುತ್ತದೆ. ಹಿಂದಿನ ಸಾಲು ಆರಿದ ಮೇಲೆ ಅದರ ಮೇಲೊಂದು ಸಾಲು. ಕಡೆಗೆ ಅರ್ಧ ಬಟ್ಟಲಿನಂಥ ಗೂಡು, ಒಳಗೆ ಮೆತ್ತನೆಯ ಗರಿಯ ಹಾಸು. ಪ್ರತಿ ಉಂಡೆಯೂ ಹೊರಮೈಯಲ್ಲಿ ಬಿಡಿಬಿಡಿಯಾಗಿ ಕಾಣುವುದರಿಂದ ಇಡೀ ದುಡಿಮೆಯನ್ನು ಓದಿಕೊಳ್ಳಬಹುದು.

ನೀರು, ನೀರಿನಂಚಿನ ಹಸಿ ಮಣ್ಣು, ಮಳೆ ತಾಗದ ಒಂದು ಸೂರು: ಈ ಮೂರು ಒಂದೆಡೆ ಸಿಕ್ಕರೆ ಅದು ಬದುಕಿಕೊಳ್ಳುತ್ತದೆ. ಕೆರೆ, ಅಂಗಳ, ತೂಬು, ಮೋರಿ ಇವೆಲ್ಲ ಮನುಷ್ಯ ತನಗಾಗಿ ಮಾಡಿಕೊಂಡವು. ನಮ್ಮ ಕಟ್ಟಡಕ್ಕೆ ಇಷ್ಟು ಚೆಂದದ ಒಕ್ಕಲು ತಾನಾಗಿ ಬಂದು ಸೇರಿದೆ. ಮೋರಿ ದುರಸ್ತಿ ಮಾಡುವವರು ಮರಿಗಳು ಹಾರಿಹೋಗುವವರೆಗೆ ಗೂಡನ್ನು ಕೆರೆಯದೆ ಬಿಟ್ಟರೆ, ಆ ಉಪಕಾರಕ್ಕೆ ಅದು ಕೆರೆಯ ನುಸಿ ತಿಂದೇ ಲೆಕ್ಕ ತೀರಿಸುತ್ತದೆ.