ಪದ ಬಿಟ್ಟ ಜಾಗದಲ್ಲಿ ವಾದ್ಯ: ಸಿ. ಅಶ್ವತ್ಥರನ್ನು ಕೇಳುವ ಬಗೆ

ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ಕನ್ನಡ ಊರುಗಳಲ್ಲಿ ಆರ್ಕೆಸ್ಟ್ರಾ ಅಂದರೆ ಜಾತ್ರೆಯ ರಾತ್ರಿ ನೆನಪಾಗುತ್ತದೆ: ಕೀಬೋರ್ಡು, ರಿದಮ್ ಪ್ಯಾಡು, ಎದೆ ನಡುಗಿಸುವ ಸ್ಪೀಕರು, ಒಂದು ಮರಾಠಿ ಹಾಡು, ಒಂದು ಹಿಂದಿ, ನಡುವೆ ರಾಜಕುಮಾರರದೊಂದು. ಕನ್ನಡ ಸುಗಮ ಸಂಗೀತದ ವಾದ್ಯವೃಂದ ಅದಲ್ಲ. ಅದಕ್ಕೆ ಬೇರೆ ಕಿವಿ ಬೇಕು. ಉಮದಿ, ಸಂಖದ ಕಡೆಯ ಹುಡುಗರು ‘ನಮಗ ಇದೆಲ್ಲ ತಿಳಿಯೂದಿಲ್ರಿ’ ಅಂದರೆ ನಾನು ಒಪ್ಪುವುದಿಲ್ಲ. ಅವರ ಕಿವಿ ಅರ್ಧ ತಯಾರಾಗಿಯೇ ಇದೆ.

ತಯಾರು ಮಾಡಿದ್ದು ಗೀತ ರಾಮಾಯಣ. ಪಕ್ಕದ ಆಟಪಾಡಿ ತಾಲೂಕಿನ ಶೇಟಫಳೆಯಲ್ಲಿ ಹುಟ್ಟಿದ ಗ.ದಿ. ಮಾಡಗೂಳಕರರು ಬರೆದು, ಸುಧೀರ ಫಡಕೆ ಸ್ವರ ಹಾಕಿ, 1955ರ ರಾಮನವಮಿಯಿಂದ ಪುಣೆ ಆಕಾಶವಾಣಿ ವಾರಕ್ಕೊಂದರಂತೆ ಬಿತ್ತರಿಸಿದ 56 ಹಾಡುಗಳು. ಕವಿತೆ ಮುಂದೆ, ರಾಗ ಅದರ ಬೆನ್ನಿಗೆ, ವಾದ್ಯ ಇನ್ನೂ ಹಿಂದೆ ಎಂಬ ಕ್ರಮ ಗಡಿಯ ಜನರಿಗೆ ಮರಾಠಿಯಲ್ಲೇ ರೂಢಿಯಾಗಿದೆ. ಅದೇ ಕ್ರಮವನ್ನು ಕನ್ನಡದಲ್ಲಿ ಹಿಡಿದು, ಅದಕ್ಕೆ ನಾಟಕದ ಕಾವು ಕೊಟ್ಟವರು ಗಾಯಕ, ಸಂಗೀತ ಸಂಯೋಜಕ ಸಿ. ಅಶ್ವತ್ಥ್.

ಅವರು 1939ರ ಡಿಸೆಂಬರ್ 29ರಂದು ಚನ್ನರಾಯಪಟ್ಟಣದಲ್ಲಿ ಹುಟ್ಟಿದರು, 2009ರಲ್ಲಿ ಅದೇ ತಾರೀಖಿನಂದು ತೀರಿಕೊಂಡರು. 27 ವರ್ಷ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ. ದೇವಗಿರಿ ಶಂಕರ ಜೋಶಿಯವರಲ್ಲಿ ಹಿಂದೂಸ್ತಾನಿ ಪಾಠ. ಹವ್ಯಾಸಿ ನಾಟಕಗಳಿಗೆ ಸಂಗೀತ ಕೂಡಿಸುತ್ತ ಬಂದವರು ‘ಕಾಕನಕೋಟೆ’ಯಿಂದ ಸಿನಿಮಾಕ್ಕೂ ಕಾಲಿಟ್ಟರು. ನಟ ಬಾಯಿ ತೆರೆದಾಗ ಮೇಳ ಬಾಯಿ ಮುಚ್ಚಬೇಕೆಂಬ ರಂಗದ ಶಿಸ್ತು ಅವರ ವಾದ್ಯವೃಂದದಲ್ಲಿ ಕೊನೆಯವರೆಗೂ ಉಳಿಯಿತು. ಅವರನ್ನು ಕೇಳುವ ಬೀಗದಕೈ ಅದೇ.

ಹಾಗಾಗಿ ಮೊದಲ ಸಲ ಕೇಳುವಾಗ ಹಾಡುಗಾರನನ್ನು ಬಿಟ್ಟುಬಿಡಿ. ಪಲ್ಲವಿ ಮುಗಿದು ಚರಣ ಶುರುವಾಗುವ ನಡುವಿನ ಜಾಗಕ್ಕೆ ಕಿವಿ ಕೊಡಿ. ಬಿಟ್ಟ ಮಾತನ್ನು ಯಾವ ವಾದ್ಯ ಎತ್ತಿಕೊಂಡಿತು? ಅದು ಹಾಡಿದ್ದನ್ನೇ ಮತ್ತೆ ನುಡಿಯಿತೋ, ಬರಲಿರುವ ಚರಣದ ಸೂಚನೆ ಕೊಟ್ಟಿತೋ? ಎರಡನೇ ಸಲ ತಬಲಾ ಮಾತ್ರ: ಎಲ್ಲಿ ತುಂಬಿತು, ಎಲ್ಲಿ ಬರೀ ಠೇಕಾ ಹಿಡಿದು ನಿಂತಿತು? ಆಮೇಲೆ ಕಂಠಕ್ಕೆ ಬನ್ನಿ. ಒಂದೇ ಮಾತನ್ನು ಒಮ್ಮೆ ಪ್ರಶ್ನೆಯಾಗಿ, ಒಮ್ಮೆ ಗದರಿಕೆಯಾಗಿ, ಒಮ್ಮೆ ಸೋಲಾಗಿ ನುಡಿಯುವುದು ಅವರ ಚಾಳಿ. ಕೆಲವರಿಗೆ ಅದು ಅಬ್ಬರ ಅನ್ನಿಸುತ್ತದೆ. ಕೆಲವು ಹಾಡುಗಳಲ್ಲಿ ನನಗೂ.

ಬೇರೆ ದೇಶದ ಲಘು ಸಂಗೀತದ ಮುಂದಿಟ್ಟರೆ ಇದು ಇನ್ನೂ ಸ್ಪಷ್ಟ. ಬ್ರಿಟನ್ನಿನ ವೃಂದನಾಯಕ ಮಾಂಟೊವಾನಿ 1951ರಲ್ಲಿ ‘ಶಾರ್ಮೇನ್’ ನುಡಿಸಿ ಹೆಸರಾದ. ಅದರ ವಾದ್ಯಸಂಯೋಜನೆ ರೊನಾಲ್ಡ್ ಬಿಂಜ್‌ನದು. ಪಿಟೀಲುಗಳನ್ನು ಗುಂಪುಗಳಾಗಿ ಒಡೆದು, ಒಂದೇ ಧಾಟಿಯ ಸ್ವರಗಳನ್ನು ಸರದಿಯ ಮೇಲೆ ಹಂಚಿ, ಪ್ರತಿ ಗುಂಪೂ ತನ್ನ ಸ್ವರವನ್ನು ಎಳೆದು ನಿಲ್ಲಿಸುವಂತೆ ಮಾಡಿದ. ದೊಡ್ಡ ಚರ್ಚಿನೊಳಗಿನ ಅನುರಣನ ಹುಟ್ಟಿದ್ದು ಹಾಗೆ. ಅಲ್ಲಿ ಕವಿಯೂ ಇಲ್ಲ, ಗಾಯಕನೂ ಇಲ್ಲ, ನಾದವೇ ನಾಯಕ. ಅಶ್ವತ್ಥರಲ್ಲಿ ಅಷ್ಟು ಪಿಟೀಲು ಕೂಡಿದ್ದರೂ ಕವಿತೆ ಬಂದಾಗ ದಾರಿ ಬಿಡಲೇಬೇಕು.

ಜತ್ತದ ಕೇಳುಗ ಶುರುಮಾಡಬೇಕಾದ್ದು ಶಿಶುನಾಳ ಶರೀಫರ (1819–1889) ಪದಗಳಿಂದ. ಬೆಂಗಳೂರಿನವರು ಇವನ್ನು ಮೊದಲು ಕ್ಯಾಸೆಟ್ಟಿನಲ್ಲಿ, 1990ರ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲಿ ಕೇಳಿದರು. ಇಲ್ಲಿ ಭಜನಿ ಮ್ಯಾಳ ಕೇಳಿ ಬೆಳೆದವರಿಗೆ ತತ್ವಪದ ಹೊಸದಲ್ಲ. ಏಕತಾರಿ, ದಮ್ಮಡಿ, ತಾಳ, ಪೇಟಿ. ಒಬ್ಬ ಎತ್ತಿದ ಸಾಲನ್ನು ಹತ್ತು ಜನ ತಿರುವಿ ಹಾಡುತ್ತ ಮೆಲ್ಲಗೆ ಲಯ ಏರಿಸುತ್ತಾರೆ. ಮಾಳಿಗಿ ಸೋರುವ ಪದವನ್ನು ಮ್ಯಾಳದಲ್ಲಿ ಒಮ್ಮೆ, ಅಶ್ವತ್ಥರಲ್ಲಿ ಒಮ್ಮೆ ಕೇಳಿ. ಮಣ್ಣಿನ ಮಾಳಿಗಿಯ ಮನೆ ಕಂಡವರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮ್ಯಾಳದಲ್ಲಿ ಎಲ್ಲರ ಮನೆಯೂ ಸೋರುತ್ತದೆ; ಅಶ್ವತ್ಥರಲ್ಲಿ ಕತ್ತಲಲ್ಲಿ ನಿಂತ ಒಬ್ಬನದು. ರಾತ್ರಿಯಿಡೀ ಕೂತು ಕಾವೇರುವ ಸುಖ ನಾಲ್ಕೈದು ನಿಮಿಷದ ರೆಕಾರ್ಡಿನಲ್ಲಿ ಇಲ್ಲ, ನಿಜ. ಆದರೆ ಒಂದೊಂದು ಮಾತಿನ ಮೊನೆ ಅಲ್ಲಿ ಚುಚ್ಚುವಷ್ಟು ಮ್ಯಾಳದಲ್ಲಿ ಚುಚ್ಚುವುದಿಲ್ಲ. ಕೋಡಗನ ಪದದಲ್ಲಂತೂ ಒಗಟಿನ ಹಿಂದೆ ಒಗಟು ಉಸಿರು ಬಿಡಿಸದೆ ಬರುತ್ತದೆ, ಲಯವೇ ನಗುತ್ತದೆ.

ಅಲ್ಲಿಂದ ಅವರು ಸಂಗೀತ ಕೊಟ್ಟ 1997ರ ‘ನಾಗಮಂಡಲ’ ಚಿತ್ರಕ್ಕೆ ಹೋಗಿ, ಉತ್ತರ ಕರ್ನಾಟಕದ ಹಾಡಿನ ಧಾಟಿ ಅಲ್ಲಿ ದಟ್ಟವಾಗಿದೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಅಶ್ವತ್ಥರ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಸುಗಮ ಸಂಗೀತಕ್ಕೆ ಅಷ್ಟು ಜನ ಕೂಡುವುದು ಸಣ್ಣ ಮಾತಲ್ಲ. ಆದರೂ ಹೊಸಬರಿಗೆ ನಾನು ಅದನ್ನು ಮೊದಲು ಹೇಳುವುದಿಲ್ಲ. ಮೈದಾನಕ್ಕೆ ಬೇಕಾದ ದನಿ ಬೇರೆ, ಕವಿತೆಗೆ ಬೇಕಾದ ದನಿ ಬೇರೆ.

ಕಿವಿ ಸ್ವಲ್ಪ ಹದಗೊಂಡ ಮೇಲೆ ಒಂದು ಪರೀಕ್ಷೆ. ಕುವೆಂಪು ಅವರ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ (1936–1995) ಧಾಟಿಯಲ್ಲೂ ಅಶ್ವತ್ಥರ ಧಾಟಿಯಲ್ಲೂ ಬೆನ್ನುಬೆನ್ನಿಗೆ ಕೇಳಿ. ಯಾವುದು ಅಧಿಕೃತ ಎಂಬ ವಾದ ವರ್ಷಗಟ್ಟಲೆ ನಡೆದು, 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರದನ್ನು ಗೊತ್ತುಮಾಡಿತು, 2 ನಿಮಿಷ 30 ಸೆಕೆಂಡಿನ ಮಿತಿಯೊಂದಿಗೆ. ಶಾಲೆಯ ಮಕ್ಕಳೆಲ್ಲ ಸೇರಿ ಹಾಡಲು ಅದೇ ಸರಿ ಎಂದು ನನ್ನ ಮತ. ಅಶ್ವತ್ಥರದನ್ನು ಒಬ್ಬರೇ ಕೂತು ಕೇಳಿ, ಪ್ರತಿ ಚರಣದ ಹೆಸರುಗಳ ಸಾಲಿನಲ್ಲಿ ಅವರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳಿ.